ಸರೋಜಮ್ಮನವರ ಹಿತ್ತಿಲಿಗೆ ಉಪಗ್ರಹ ತೋರಿದ ದಾರಿ

ಹೊಸ ಯಂತ್ರ ಕೈಗೆ ಬಂದ ಗಂಡಸಿಗೆ ಒಂದಷ್ಟು ದಿನ ಕಿವಿ ಕೇಳಿಸುವುದಿಲ್ಲ. ಯಾರನ್ನೋ ನೋಡಿ ಈ ಮಾತು ಹೇಳುತ್ತಿಲ್ಲ, ನನ್ನದೇ ಅನುಭವ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ನನಗೆ ಸಂಬಳ ಬರುವುದೇ ಅಳೆಯುವುದಕ್ಕೆ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಬಿಡಿಭಾಗವನ್ನು ಪಕ್ಕಕ್ಕೆಸೆದು, ಮಾಡಿದವನನ್ನು ಕರೆದು ಉಪದೇಶ ಮಾಡುತ್ತೇನೆ. ಅಂಥವನು ಅಳತೆಯಲ್ಲೇ ತಪ್ಪಿ, ಪಕ್ಕದ ಮನೆಯ ಹೆಂಗಸಿನ ನೆಮ್ಮದಿ ಕೆಡಿಸಿದೆ ಎಂದು ಬರೆಯಲು ಈಗಲೂ ಮುಖ ಬಿಸಿಯಾಗುತ್ತದೆ.

ಮೊಬೈಲಿನಲ್ಲಿ ನಕ್ಷೆ ಬರುವುದಕ್ಕೂ ಮೊದಲಿನ ಮಾತು; ನಿಂತ ಜಾಗವನ್ನು ಉಪಗ್ರಹಗಳಿಂದ ತಿಳಿದು ಹೇಳುವ ಜಿಪಿಎಸ್ ಯಂತ್ರ ಆಗ ನಮ್ಮ ಕಡೆ ಯಾರ ಕೈಯಲ್ಲೂ ಇರಲಿಲ್ಲ. ಒಬ್ಬರು ಎಲ್ಲೋ ಡಬ್ಬಿ ಬಚ್ಚಿಟ್ಟು ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ, ಇನ್ನೊಬ್ಬರು ಈ ಯಂತ್ರ ಹಿಡಿದು ಹುಡುಕುತ್ತಾರೆ ಎಂಬ ಆಟದ ಬಗ್ಗೆ ಓದಿದ್ದೇ ತಡ, ನನಗೆ ಊಟ ರುಚಿಸದಾಯಿತು. ಸಹೋದ್ಯೋಗಿಯೊಬ್ಬ ತರಬೇತಿಗೆಂದು ವಿದೇಶಕ್ಕೆ ಹೊರಟಿದ್ದ. ಅವನಿಂದ ಯಾವ ಮಾದರಿಯ ಯಂತ್ರ ತರಿಸುವುದು ಎಂದು ನಾನು ಮಾಡಿದ ವಿಚಾರಣೆಯಷ್ಟು ನನಗೆ ಹೆಣ್ಣು ನೋಡುವಾಗ ನಮ್ಮಪ್ಪನೂ ಮಾಡಿರಲಿಲ್ಲ. ದೊಡ್ಡದರಲ್ಲಿ ಬಣ್ಣದ ನಕ್ಷೆ, ದಿಕ್ಸೂಚಿ ಎಲ್ಲ ಇತ್ತು. ಆದರೆ ಆ ನಕ್ಷೆಯಲ್ಲಿ ನಮ್ಮ ಊರೆಂದರೆ ಹೆದ್ದಾರಿಯ ಒಂದು ಗೆರೆ, ಸುತ್ತ ಬರೀ ಬಯಲು. ಅದಕ್ಕೇ ಬುದ್ಧಿವಂತನಂತೆ ಚಿಕ್ಕದನ್ನು ಆರಿಸಿದೆ. ಚಿಕ್ಕದಕ್ಕೆ ದಿಕ್ಸೂಚಿ ಇಲ್ಲವಾದ್ದರಿಂದ ಹಿಡಿದವನು ನಡೆಯುತ್ತಿದ್ದರೆ ಮಾತ್ರ ಬಾಣ ದಿಕ್ಕು ತೋರಿಸುತ್ತದೆ, ನಿಂತರೆ ಅದಕ್ಕೂ ಗೊಂದಲ. ನಾನು ಮಹಡಿಯ ಮೇಲೆ ಗಿರಗಿರನೆ ಸುತ್ತುವಾಗ ನನ್ನ ಹೆಂಡತಿ ಲಲಿತಾ, "ರೀ, ಸುತ್ತೋದಾದ್ರೆ ಆ ಕಡೆ ಸುತ್ರಿ, ಇಲ್ಲಿ ಮೆಣಸಿನಕಾಯಿ ಒಣಗಾಕಿದೀನಿ" ಎನ್ನುತ್ತಿದ್ದಳು.

ನಮ್ಮ ಬಡಾವಣೆ ಬಾಗಲೂರು ರಸ್ತೆಯ ಕಡೆಗಿದೆ. ಹಿಂದೆ ಒಂದು ಬಂಡೆಗುಡ್ಡ. ಅಲ್ಲೊಂದು ಸಂದಿಯಲ್ಲಿ ಪ್ಲಾಸ್ಟಿಕ್ ಡಬ್ಬಿ ತುರುಕಿ, ಯಂತ್ರ ತೋರಿಸಿದ ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡು, ಬ್ರೌಸಿಂಗ್ ಸೆಂಟರಿಗೆ ಹೋಗಿ ಆ ಆಟದ ವೆಬ್‌ಸೈಟಿನಲ್ಲಿ ತುಂಬಿ ಬಂದೆ. ಅಲ್ಲಿ ಒಂದು ಅಡ್ಡಹೆಸರು ಬೇಕಿತ್ತು. 'ಹೊಸೂರು ಹುಲಿ' ಎಂದು ಕೊಟ್ಟೆ. ಲಲಿತಾ ಅದನ್ನು ಕೇಳಿ ನಗುತ್ತಾ ನಿಂತು ಹೆಂಚಿನ ಮೇಲಿನ ದೋಸೆಯನ್ನು ಸೀಯಿಸಿದಳು.

ಸ್ವಲ್ಪ ಕಾಲದ ಮೇಲೆ ಪಕ್ಕದ ಮನೆಯ ಸರೋಜಮ್ಮನವರು ಗೇಟಿನ ಹತ್ತಿರ ನಿಂತು ನನ್ನನ್ನು ಕರೆದರು. ನಿವೃತ್ತ ಟೀಚರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. "ಯಾರೋ ನಮ್ಮ ಹಿತ್ಲು ಗೋಡೆ ಮೇಲಿಂದ ಇಣುಕ್ತಾ ಅವ್ರೆ ಕಣಪ್ಪಾ. ಮೊನ್ನೆ ಒಬ್ಬ ಬಂದಿದ್ದ, ಕೈನಾಗೆ ರಿಮೋಟ್ ತರ ಏನೋ ಇತ್ತು. ಇವತ್ತು ಇನ್ನೊಬ್ಬ" ಎಂದರು. ಕೃಷ್ಣಗಿರಿಯಲ್ಲಿರುವ ತಮ್ಮನ ಮನೆಗೆ ಹೋಗಿಬಿಡುತ್ತೇನೆ, ಮನೆ ಬಾಡಿಗೆಗೆ ಕೊಡುತ್ತೇನೆ ಎಂದರು.

ರಿಮೋಟ್ ಎಂದಾಗಲಾದರೂ ನನ್ನ ತಲೆಯಲ್ಲಿ ದೀಪ ಹತ್ತಬೇಕಿತ್ತು. ಹತ್ತಲಿಲ್ಲ. ನನ್ನ ಡಬ್ಬಿ ಗುಡ್ಡದಲ್ಲಿದೆ, ಇದು ಹಿತ್ತಿಲ ಮಾತು. ಬೀದಿಯವರನ್ನೆಲ್ಲ ಸೇರಿಸಿ, ಕಳ್ಳರು ಈಗೀಗ ಯಂತ್ರಗಳನ್ನು ಬಳಸುವ ಬಗೆಯನ್ನು ವಿವರವಾಗಿ ಹೇಳಿದೆ. ಎಲ್ಲರೂ ಮೆಚ್ಚಿಕೊಂಡರು. ಅದೇ ಹುಮ್ಮಸ್ಸಿನಲ್ಲಿ ಸರೋಜಮ್ಮನವರ ಹಿತ್ತಿಲು ಪರೀಕ್ಷಿಸಿ, ಗೋಡೆಗೆ ಒತ್ತಿಕೊಂಡಿದ್ದ ಕೆಂಪು ದಾಸವಾಳದ ಪೊದೆಯೇ ಅಪಾಯ, ಅದರ ಹಿಂದೆ ಯಾರು ಬೇಕಾದರೂ ಅಡಗಬಹುದು ಎಂದು ತೀರ್ಪು ಕೊಟ್ಟೆ. "ಅವ್ರು ನೆಟ್ಟಿದ್ದು" ಎಂದಷ್ಟೇ ಅಂದರು ಸರೋಜಮ್ಮ. ಅವರು ಎಂದರೆ ಅವರ ಯಜಮಾನರು. ಮರುದಿನವೇ ಬುಡಸಮೇತ ತೆಗೆಸಿದರು. ನಾನು ಹೇಳಿದೆನೆಂದು.

ಭಾನುವಾರ ಮಧ್ಯಾಹ್ನ ಹಾರ್ಡ್‌ವೇರ್ ಅಂಗಡಿಯ ಮುನಿರಾಜು ಕೂಗಿಕೊಂಡ. "ಸಾರ್, ಸಿಕ್ಬುಟ್ರು! ಓಡ್ ಬನ್ನಿ!" ಓಡಿದೆ. ಸರೋಜಮ್ಮನವರ ಹಿತ್ತಿಲ ಗೋಡೆಯ ಹತ್ತಿರ ಒಬ್ಬ ಯುವಕ, ಅವನ ಹೆಂಡತಿ. ಬೀದಿಯೆಲ್ಲ ಸುತ್ತುವರಿದಿತ್ತು. ಮುನಿರಾಜು ತಮಿಳಿನಲ್ಲಿ "ಯಾರ್ ನೀಂಗ?" ಎಂದು ಗದರಿಸುತ್ತಿದ್ದ. ಆ ಹುಡುಗಿ ಅಳುವುದೊಂದು ಬಾಕಿ. ಯುವಕನ ಕೈಯಲ್ಲಿ ಹಳದಿ ಬಣ್ಣದ, ಥೇಟ್ ನನ್ನದೇ ಯಂತ್ರ.

"ಸಾರ್, ನಾವು ಕಳ್ಳರಲ್ಲ. ಬೆಂಗಳೂರಿಂದ ಬಂದಿದೀವಿ. ಇದೊಂದು ಆಟ. ಇಲ್ಲೊಂದು ಡಬ್ಬಿ ಇಟ್ಟಿದಾರೆ, ಅದನ್ನ ಹುಡುಕ್ತಾ ಇದೀವಿ."

"ಯಾವನ್ಲಾ ಇಟ್ಟೋನು?" ಎಂದ ಮುನಿರಾಜು.

"ಹೆಸರು ಗೊತ್ತಿಲ್ಲ. ಹೊಸೂರು ಹುಲಿ ಅಂತ ಹಾಕ್ಕೊಂಡಿದಾರೆ."

ಆ ಕ್ಷಣದಲ್ಲಿ ನನಗೆ ಎಲ್ಲವೂ ಹೊಳೆಯಿತು. ಅಕ್ಷಾಂಶ ರೇಖಾಂಶಗಳನ್ನು ನನ್ನ ಯಂತ್ರ ತೋರಿಸಿದ್ದು ನಿಮಿಷ, ಸೆಕೆಂಡುಗಳಲ್ಲಿ. ಇಂಟರ್‌ನೆಟ್ಟಿನಲ್ಲಿ ಕೇಳಿದ್ದು ನಿಮಿಷ, ಚುಕ್ಕೆ, ಚುಕ್ಕೆಯ ಮುಂದೆ ನಿಮಿಷದ ದಶಮಾಂಶ ಭಾಗ. ಮೂವತ್ತು ಸೆಕೆಂಡೆಂದರೆ ಅರ್ಧ ನಿಮಿಷ, ಬರೆಯಬೇಕಾದ್ದು ಚುಕ್ಕೆ ಐದು. ನಾನು ಮೂವತ್ತನ್ನೇ ಚುಕ್ಕೆಯ ಮುಂದೆ ಕೂರಿಸಿದ್ದೆ. ಅಷ್ಟಕ್ಕೇ ಗುಡ್ಡದ ಡಬ್ಬಿ ಲೆಕ್ಕದಲ್ಲಿ ಸರೋಜಮ್ಮನವರ ಹಿತ್ತಿಲಿಗೆ ಇಳಿದಿತ್ತು. ಹೊಳೆದ ಮೇಲೆ ಬಾಯಿ ಬಿಡಬೇಕಿತ್ತಲ್ಲ? ಬಿಡಲಿಲ್ಲ. ಹುಬ್ಬು ಗಂಟಿಕ್ಕಿ, "ಇಂಥ ಆಟಾನೂ ಇರುತ್ತಾ?" ಎಂದೆ.

ಹಿಂದಿನಿಂದ ಲಲಿತಾಳ ದನಿ ಬಂತು. "ರೀ, ಹೊಸೂರು ಹುಲಿ ನೀವೇ ಅಲ್ವೇನ್ರೀ?"

ಮುನಿರಾಜು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆ ಎಂದು ಹೊರಟುಹೋದ. ಸರೋಜಮ್ಮ ಆ ದಂಪತಿಗಳನ್ನು ಒಳಗೆ ಕರೆದು ಕಾಫಿ ಕೊಟ್ಟರು. ನನ್ನನ್ನೂ ಕರೆದರು, ಅದೇ ಕಷ್ಟವಾಗಿದ್ದು. ಲೋಟ ಕೈಗಿಡುತ್ತಾ, "ಲೆಕ್ಕದಾಗೆ ತಪ್ಪು ಎಲ್ಲಾರ್ಗೂ ಆಯ್ತದೆ ಕಣಪ್ಪಾ. ನನ್ ಕ್ಲಾಸಿನ ಮಕ್ಳು ದಿನಾ ಮಾಡ್ತಿದ್ವು. ಆದ್ರೆ ಗೊತ್ತಾದ್ಮೇಲೆ ಕೈ ಎತ್ತಿ ಹೇಳ್ತಿದ್ವು" ಎಂದರು. ಆ ಕಾಫಿಗೆ ಸಕ್ಕರೆ ಇತ್ತೋ ಇಲ್ಲವೋ ನನಗೆ ನೆನಪಿಲ್ಲ.

ಅಂಕಿಗಳನ್ನು ಅಂದೇ ಸಂಜೆ ತಿದ್ದಿದೆ. ಸರೋಜಮ್ಮ ಕೃಷ್ಣಗಿರಿಗೆ ಹೋಗುವ ಯೋಚನೆ ಬಿಟ್ಟರು. ದಾಸವಾಳವನ್ನು ಮಾತ್ರ ತಿದ್ದುವಂತಿರಲಿಲ್ಲ. ಮುಂದಿನ ಭಾನುವಾರ ನರ್ಸರಿಯಿಂದ ಕೆಂಪು ದಾಸವಾಳದ ಸಸಿಯೊಂದನ್ನು ತಂದು, ಅವರು ಏಳುವ ಮೊದಲೇ ಹಿತ್ತಿಲಲ್ಲಿ ಗುಂಡಿ ತೋಡತೊಡಗಿದೆ. ಮೊಣಕಾಲುದ್ದ ತೋಡಿ ಬೆವರು ಒರೆಸಿಕೊಳ್ಳುವಾಗ ಅವರು ಬಾಗಿಲು ತೆರೆದು ಬಂದು, ಗುಂಡಿಯನ್ನೂ ನನ್ನನ್ನೂ ನೋಡಿ ಕೇಳಿದರು:

"ಆ ಯಂತ್ರ ನೋಡ್ಕೊಂಡು ತೋಡಿದ್ಯೇನಪ್ಪಾ?"

"ಇಲ್ಲಮ್ಮ, ಯಾಕೆ?"

"ಅದ್ರ ಕೆಳಗೆ ನಲ್ಲಿ ಪೈಪ್ ಐತೆ. ಈ ಕಡೆ ಬಾ."

ನಾನು ಗುದ್ದಲಿ ಎತ್ತಿಕೊಂಡು ಅವರು ಬೆರಳು ತೋರಿಸಿದ ಕಡೆ ಹೋದೆ.