ನಲವತ್ತೊಂದು ನಕಲುಗಳು ಮತ್ತು ಒಂದು ತೊಟ್ಟಿಲು

ಮಗಳ ಮದುವೆಗೆ ಒಬ್ಬರನ್ನೂ ಕರೆಯದೆ ಬಿಡಬಾರದು ಎಂಬ ಒಂದೇ ಸದುದ್ದೇಶದಿಂದ ನಾನು ನೆಂಟರ ಪಟ್ಟಿಯನ್ನು ಡೇಟಾಬೇಸಿಗೆ ಏರಿಸಿದೆ. ಈ ವಾಕ್ಯವನ್ನು ನಮ್ಮ ನೆಂಟರ ಎದುರಿಗೆ ಯಾರೂ ಗಟ್ಟಿಯಾಗಿ ಓದಬಾರದೆಂದು ವಿನಂತಿ.

ನಾನು ಮಧುಗಿರಿಯಲ್ಲಿ ಹೈಸ್ಕೂಲು ಗಣಿತದ ಮೇಷ್ಟ್ರು. ನಿವೃತ್ತಿ ಹತ್ತಿರ ಬಂದಾಗ ಕೆಲವರಿಗೆ ಭಜನೆ ಹಿಡಿಯುತ್ತದೆ, ಕೆಲವರಿಗೆ ಇಸ್ಪೀಟು. ನನಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಹಿಡಿಯಿತು. ಹೆದರಬೇಡಿ, ಡೇಟಾಬೇಸ್ ಎಂದರೆ ಕಂಪ್ಯೂಟರಿನೊಳಗಿನ ಹಾಜರಿ ಪುಸ್ತಕ, ಅಷ್ಟೆ. ಸಾಲುಸಾಲಾಗಿ ಬರೆದಿಟ್ಟರೆ ಕೇಳಿದ ಕೂಡಲೇ ಹುಡುಕಿ ಕೊಡುತ್ತದೆ. ಇದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು, ಬಿಚ್ಚಿ ನೋಡಬಹುದು. ಅದರ ಗುರುತು ಒಂದು ನೀಲಿ ಆನೆ. ಹಾಗಾಗಿ ನಮ್ಮ ಮನೆಯಲ್ಲಿ ಅದಕ್ಕೆ ಆನೆ ಎಂದೇ ಹೆಸರು.

ಕಲಿತದ್ದನ್ನು ಸುಮ್ಮನೆ ಇಟ್ಟುಕೊಳ್ಳುವುದು ಮೇಷ್ಟ್ರಿಂದ ಆಗುವ ಕೆಲಸವೇ? ನಮ್ಮ ಶಿಕ್ಷಕರು ಸೇರಿ ತರುವ ಪುಟ್ಟ ಮಾಸಪತ್ರಿಕೆಯಲ್ಲಿ ‘ಆನೆಯ ಜೊತೆ ನಾಲ್ಕು ಹೆಜ್ಜೆ’ ಎಂದು ಲೇಖನಮಾಲೆ ಶುರು ಮಾಡಿದೆ. ಮೂರು ಕಂತು ಬಂದವು. ಓದಿದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ಅಚ್ಚಿನ ತಪ್ಪು ತಿದ್ದುವವರು. ನಾಲ್ಕನೆಯ ಕಂತಿಗೆ ಜನರ ಮನಸ್ಸಿಗೆ ಹತ್ತಿರವಾದ ವಿಷಯ ಬೇಕು ಎಂದು ಹುಡುಕುತ್ತಿರುವಾಗಲೇ ಮಗಳು ರೇಖಾಳ ಮದುವೆ ನಿಶ್ಚಯವಾಯಿತು. ದೇವರು ಕೊಟ್ಟ ಉದಾಹರಣೆ!

ನನ್ನ ಹೆಂಡತಿ ಈರಮ್ಮ ಹಳೆಯ ನೋಟ್‌ಬುಕ್ ಹಿಡಿದು ಕೂತಳು. ಅವಳು ಹೇಳುವುದು, ನಾನು ಟೈಪ್ ಮಾಡುವುದು. ಸಂಪ್ರದಾಯದಂತೆ ಮೊದಲು ಹಿರಿಯರು, ಕೊನೆಗೆ ಮಕ್ಕಳು ಮರಿಗಳು.

“ಪಾವಗಡದ ರೇಡಿಯೋ ಈರಣ್ಣ, ಬರ್ಕೊಳ್ಳಿ,” ಎಂದಳು.

“ರೇಡಿಯೋ ಬೇಡ. ಈರಣ್ಣ, ತಂದೆ ಹೆಸರು, ಊರು, ವಯಸ್ಸು. ಡೇಟಾಬೇಸಿನಲ್ಲಿ ಅಡ್ಡಹೆಸರಿಗೆಲ್ಲ ಜಾಗ ಇಲ್ಲ.”

“ಬರೀ ಈರಣ್ಣ ಅಂದ್ರೆ ಯಾವ ಈರಣ್ಣ ಅಂತ ಗೊತ್ತಾಗ್ಬೇಕಲ್ಲ?”

“ಆನೆಗೆ ಗೊತ್ತಾಗುತ್ತೆ.”

ಅವಳು ನಿಟ್ಟುಸಿರು ಬಿಟ್ಟಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ನಿಟ್ಟುಸಿರನ್ನು ನಾನು ಕಡೆಗಣಿಸಿದಾಗಲೆಲ್ಲ ಏನಾಗಿದೆ ಎಂಬುದರ ಪಟ್ಟಿ ಮಾಡಿದರೆ ಅದಕ್ಕೇ ಬೇರೆ ಡೇಟಾಬೇಸ್ ಬೇಕು.

ನಾಲ್ಕು ತಾಲ್ಲೂಕಿನ ನೆಂಟರೆಲ್ಲ ಒಳಗೆ ಹೋದರು. ಇನ್ನು ಒಬ್ಬರಿಗೆ ಎರಡು ಲಗ್ನಪತ್ರಿಕೆ ಹೋಗಬಾರದಲ್ಲ? ಅದಕ್ಕೆ ಹೆಸರು, ತಂದೆಯ ಹೆಸರು, ಊರು, ಈ ಮೂರೂ ಒಂದೇ ಆಗಿರುವ ಎರಡು ಸಾಲು ಇರಕೂಡದು ಎಂದು ಆನೆಗೆ ನಿಯಮ ವಿಧಿಸಿದೆ. ಆನೆ ಒಪ್ಪಲಿಲ್ಲ. ಅಂಥ ಸಾಲುಗಳು ಈಗಾಗಲೇ ಇವೆ, ನಿಯಮ ಹಾಕಲಾರೆ ಎಂದಿತು. ಬುದ್ಧಿ ಇರುವವನು ಅಲ್ಲಿ ನಿಂತು ಅವು ಯಾರ ಸಾಲು ಎಂದು ನೋಡುತ್ತಿದ್ದ. ನಾನು ನೋಡಲಿಲ್ಲ. ಈರಮ್ಮ ಹೇಳಿದ್ದನ್ನೇ ಎರಡು ಸಲ ಹೇಳಿದ್ದಾಳೆ ಎಂದು ಒಳಗೊಳಗೇ ನಕ್ಕು, ಒಂದೇ ತರಹದ ಎರಡು ಸಾಲು ಇದ್ದರೆ ಕೊನೆಯದನ್ನು ಉಳಿಸಿ ಮೊದಲಿನದನ್ನು ಅಳಿಸು ಎಂದು ಅಪ್ಪಣೆ ಕೊಟ್ಟೆ. ನಲವತ್ತೊಂದು ಸಾಲು ಅಳಿಸಿದೆ ಎಂದು ಉತ್ತರ ಬಂತು. ಅಳಿಸುವ ಮುಂಚೆ ಒಂದು ಪ್ರತಿ ತೆಗೆದಿಡಬೇಕು ಎಂದು ಎರಡನೆಯ ಕಂತಿನಲ್ಲಿ ನಾನೇ ಬರೆದಿದ್ದೆ. ಹೇಳಿದೆನಲ್ಲ, ಅದನ್ನು ಯಾರೂ ಸರಿಯಾಗಿ ಓದಿರಲಿಲ್ಲ.

ಅದೇ ಸಂಜೆ ನಾಲ್ಕನೆಯ ಕಂತು ಬರೆದು ಪತ್ರಿಕೆಗೆ ಕಳಿಸಿದೆ. ತಲೆಬರಹ: ‘ನಲವತ್ತೊಂದು ನಕಲುಗಳಿಗೆ ಬೀಳ್ಕೊಡುಗೆ’.

ಲಗ್ನಪತ್ರಿಕೆಯ ಕವರುಗಳನ್ನೂ ಆನೆಯಿಂದಲೇ ಅಚ್ಚು ಹಾಕಿಸಿದೆ. ‘ಕುಟುಂಬ ಸಮೇತ’ ಎಂದು ಒಂದೇ ಕವರು ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ನನಗೆ ಹಿಡಿಸದು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಕವರು. ಹದಿನೆಂಟು ದಾಟಿದವರಿಗೆ ‘ಶ್ರೀ’, ‘ಶ್ರೀಮತಿ’ ಮತ್ತು ನಮಸ್ಕಾರ. ಅದಕ್ಕಿಂತ ಚಿಕ್ಕವರಿಗೆ ‘ಚಿರಂಜೀವಿ’ ಮತ್ತು ಆಶೀರ್ವಾದ. ಎಲ್ಲವೂ ತಾನೇ ತಾನಾಗಿ.

ಮೊದಲು ನಾನೊಬ್ಬನೇ ಸ್ಕೂಟರಿನಲ್ಲಿ ಕೊಳಾಲಕ್ಕೆ ಹೋದೆ. “ಮೊದ್ಲು ನಮ್ಮಣ್ಣನ ಮನೆಗಲ್ವಾ ಕೊಡೋದು?” ಎಂದು ಈರಮ್ಮ ಕೇಳಿದಳು. ಅದು ದೂರ, ಭಾನುವಾರ ಇಬ್ಬರೂ ಹೋಗೋಣ ಎಂದೆ. ಕೊಳಾಲದಲ್ಲಿ ನಮ್ಮ ದೊಡ್ಡಪ್ಪನ ಮಗ ಕ್ಯಾತಣ್ಣನ ಮುಂದೆ ಕವರುಗಳ ಕಟ್ಟನ್ನು ತಟ್ಟೆಯಲ್ಲಿಟ್ಟು ಕೈ ಮುಗಿದೆ. ಅವನು ಒಂದೊಂದಾಗಿ ತಿರುವಿ ನೋಡಿ, “ಅಷ್ಟೇನಾ?” ಎಂದ. “ಅಷ್ಟೇ ಅಣ್ಣ.” “ಆಗ್ಲಿ ಬುಡಪ್ಪ,” ಎಂದವನೇ ಎದ್ದು ಹೊಲದ ಕಡೆ ಹೋದ. ಪಾಪ, ಏನೋ ಕೆಲಸವಿರಬೇಕು ಎಂದುಕೊಂಡು ಬಂದೆ.

ಭಾನುವಾರ ಗಂಡ ಹೆಂಡತಿ ಇಬ್ಬರೂ ಗೌಡಗೆರೆ ಕಡೆಯ ಅವಳ ತವರಿಗೆ ಹೋದೆವು. ಅಲ್ಲಿರುವುದು ಅವಳ ಅಣ್ಣ ಜುಂಜಣ್ಣ. ಅರವತ್ತೈದು ವರ್ಷ, ಕುರಿ ಮಂದೆಯ ಯಜಮಾನ, ರೇಖಾಳ ಸೋದರಮಾವ. ನಮ್ಮಲ್ಲಿ ಸೋದರಮಾವ ಕೈ ಹಿಡಿದು ಕರೆತಂದರೇನೇ ಮದುಮಗಳು ಹಸೆಮಣೆ ಏರುವುದು. ಭಾವ ಆ ದಿನ ಬೆಳಿಗ್ಗೆಯೇ ಮಿಂದು, ಹೊಸ ರುಮಾಲು ಸುತ್ತಿ, ಜಗಲಿಯಲ್ಲಿ ನಮಗೆ ಕಂಬಳಿ ಹಾಸಿ, ತಾವು ನೆಟ್ಟಗೆ ಕೂತಿದ್ದರು.

ಈರಮ್ಮ ಅರಿಶಿನ ಕುಂಕುಮ ಹಿಡಿದಳು. ನಾನು ಹೆಸರು ಕೂಗಿ ಒಂದೊಂದೇ ಕವರು ಕೊಟ್ಟೆ. ಮೊದಲನೆಯದು ಭಾವನ ಹೆಂಡತಿಗೆ. “ಹೆಂಗಸ್ರಿಗೆ ಮೊದ್ಲು. ಅದೂ ಸರಿನೇ,” ಎಂದರು ಭಾವ. ಎರಡನೆಯದು ಮಗ ಚಿಕ್ಕಣ್ಣನಿಗೆ. ಭಾವ ಗಂಟಲು ಸರಿಮಾಡಿಕೊಂಡರು. ಮೂರನೆಯದು ಸೊಸೆಗೆ. ಭಾವ ರುಮಾಲು ಸರಿಮಾಡಿಕೊಂಡರು. ನಾಲ್ಕನೆಯದಕ್ಕೆ ನಾನು, “ಜುಂಜಣ್ಣ,” ಎಂದು ಕೂಗಿದೆ. ಅವರು ಎರಡೂ ಕೈ ಚಾಚಿದರು. ನಾನು ಭಕ್ತಿಯಿಂದ ಕವರು ಇಟ್ಟೆ.

ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. “ಚಿರಂಜೀವಿ ಜುಂಜಣ್ಣ ಬಿನ್ ಚಿಕ್ಕಣ್ಣನಿಗೆ ನಮ್ಮ ಆಶೀರ್ವಾದಗಳು. ಚೆನ್ನಾಗಿ ಓದಿ ಮುಂದೆ ಬಾ.”

ಭಾವ ಎದ್ದು ಒಳಗೆ ಹೋಗಿ, ತೊಟ್ಟಿಲಲ್ಲಿ ಮಲಗಿದ್ದ ಮೂರು ತಿಂಗಳ ಮೊಮ್ಮಗನ ಪಕ್ಕದಲ್ಲಿ ಕವರು ಇಟ್ಟು ಬಂದು ಕೂತರು.

“ಇನ್ನು ನಂದು ಕೊಡಪ್ಪ, ಮೇಷ್ಟ್ರೇ.”

ಕೈಚೀಲ ತಡಕಿದೆ. ಖಾಲಿ. ಅಚ್ಚು ಹಾಕಿಸಿದ ಪಟ್ಟಿ ತೆಗೆದು ಎರಡು ಸಲ ನೋಡಿದೆ. ಆಮೇಲೆ, ಯಾವ ಗ್ರಹಚಾರವೋ, ಬಾಯಿಂದ ಈ ಮಾತು ಬಂತು: “ಭಾವ, ಈ ಮನೇಲಿ ಒಬ್ಬರೇ ಜುಂಜಣ್ಣ ಇರೋದು ಅಂತ ಕಂಪ್ಯೂಟರ್ ಹೇಳ್ತಿದೆ.”

“ಅಂಗಾರೆ ಇಲ್ಲಿ ಕುಂತಿರೋನು ಯಾರು?”

ನಾನು ಪಟ್ಟಿಯನ್ನು ಮೂರನೆಯ ಸಲ ನೋಡಿದೆ.

“ಅಣ್ಣಾ, ನಾನು ಕರೀತಾ ಇದೀನಲ್ಲ, ಬಾ,” ಎಂದಳು ಈರಮ್ಮ.

“ನೀನು ಈ ಮನೆ ಮಗ್ಳು ಕಣಮ್ಮ, ನೀನ್ ಕರ್ಯೋದೇನ್ ಬಂತು? ಕರೀಬೇಕಾದೋರು ನಿನ್ ಗಂಡ. ಅವ್ರು ಕರ್ದವ್ರೆ, ತೊಟ್ಲಲ್ಲಿ ಮಲ್ಗಿರೋನ್ನ. ಪತ್ರಿಕೆ ಇಸ್ಕೊಂಡೋನೇ ಬಂದು ರೇಖಾ ಕೈ ಹಿಡ್ಕೊಂಡು ಹಸೆಮಣೆಗೆ ಕರ್ಕೊಂಡ್ ಹೋಗ್ಲಿ ಬುಡು.”

ಮದುವೆಗೆ ಹನ್ನೊಂದು ದಿನ ಉಳಿದಿತ್ತು.

ವಾಪಸು ಬರುವಾಗ ಈರಮ್ಮ ಶಿರಾ ದಾಟುವವರೆಗೂ ಮಾತಾಡಲಿಲ್ಲ. ಬಡವನಹಳ್ಳಿಯಲ್ಲಿ, “ಗಾಡಿ ನಿಲ್ಸಿ, ನೀರು ಕುಡೀಬೇಕು,” ಎಂದಳು. ಕುಡಿದಳು. ಮತ್ತೆ ಹತ್ತಿ ಕೂತಳು.

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಾಗ ಎಲ್ಲ ಅರ್ಥವಾಯಿತು. ನಮ್ಮ ಕಡೆ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು. ಭಾವನ ಅಪ್ಪ ಚಿಕ್ಕಣ್ಣ, ಮಗ ಚಿಕ್ಕಣ್ಣ, ಮೊಮ್ಮಗ ಜುಂಜಣ್ಣ. ಅಂದರೆ ಅಜ್ಜನೂ ಜುಂಜಣ್ಣ ಬಿನ್ ಚಿಕ್ಕಣ್ಣ, ಮೊಮ್ಮಗನೂ ಜುಂಜಣ್ಣ ಬಿನ್ ಚಿಕ್ಕಣ್ಣ. ಊರೂ ಒಂದೇ, ಮನೆಯೂ ಒಂದೇ. ಹಿರಿಯರೆಂಬ ಗೌರವಕ್ಕೆ ಮೊದಲು ಬರೆದಿದ್ದರಿಂದಲೇ ಅಜ್ಜ ಅಳಿಸಿಹೋಗಿದ್ದರು. ವಯಸ್ಸನ್ನೂ ಸೇರಿಸಿ ಹೋಲಿಸಿದ್ದರೆ ಉಳಿಯುತ್ತಿದ್ದರು. ಆದರೆ ವಯಸ್ಸು ವರ್ಷವರ್ಷ ಬದಲಾಗುತ್ತದೆ, ಅದನ್ನು ಗುರುತಾಗಿ ಬಳಸಬಾರದು ಎಂದು ಮೊದಲ ಕಂತಿನಲ್ಲಿ ಘೋಷಿಸಿದ್ದೆ. ಈ ಹೆಸರಿಡುವ ಪದ್ಧತಿ ನನಗೆ ಗೊತ್ತಿಲ್ಲದ್ದೇ? ನನಗಿರುವುದೂ ನನ್ನ ಅಜ್ಜನ ಹೆಸರೇ!

ಹಾಗಾದರೆ ಉಳಿದ ನಲವತ್ತು? ಕೊಳಾಲದ ಕ್ಯಾತಣ್ಣ ಹೊಲಕ್ಕೆ ಹೋದದ್ದು ಯಾಕೆಂದು ಆಗ ಹೊಳೆಯಿತು. ನಾಲ್ಕು ತಾಲ್ಲೂಕಿನಲ್ಲಿ ಮೊಮ್ಮಗ ಹುಟ್ಟಿದ ತಪ್ಪಿಗೆ ನಲವತ್ತೊಂದು ಮಂದಿ ಅಜ್ಜಂದಿರನ್ನು ನಾನು ಒಂದೇ ಏಟಿಗೆ ಒರೆಸಿಹಾಕಿದ್ದೆ. ಅವರು ಯಾರು ಯಾರು ಎಂಬುದು ನನ್ನ ಬಳಿ ಇರಲಿಲ್ಲ. ನೋಟ್‌ಬುಕ್ಕನ್ನು ರದ್ದಿಗೆ ಹಾಕು ಎಂದು ಈರಮ್ಮನಿಗೆ ನಾನೇ ಹೇಳಿದ್ದೆ.

ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಅವಳು ಅಡುಗೆಮನೆಗೆ ಹೋಗಿ, ರಾಗಿ ಡಬ್ಬ ಸರಿಸಿ, ಅಡಿಯಿಂದ ನೋಟ್‌ಬುಕ್ ತಂದು ಮುಂದೆ ಇಟ್ಟಳು.

“ರದ್ದಿಗೆ ಹಾಕಿರ್ಲಿಲ್ವಾ?”

“ನೀವು ಆನೆ ಮೇಲೆ ಕೂತ ದಿನಾನೇ ಗೊತ್ತಿತ್ತು, ಬೀಳ್ತೀರಿ ಅಂತ.”

ತೆರೆದು ನೋಡಿದೆ. ಕಂಬಳಿ ಜುಂಜಣ್ಣ. ರೇಡಿಯೋ ಈರಣ್ಣ. ಛತ್ರಿ ಕ್ಯಾತಣ್ಣ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ನಾನು ನಾಲ್ಕು ಕಂತು ಬರೆದು ಹುಡುಕುತ್ತಿದ್ದ ವಿಶಿಷ್ಟ ಗುರುತನ್ನು ನಮ್ಮ ಜನ ಎಂದೋ ಕಂಡುಹಿಡಿದು ರಾಗಿ ಡಬ್ಬದ ಕೆಳಗೆ ಇಟ್ಟಿದ್ದರು.

ಮರುದಿನ ಕೈಯಾರೆ ಬರೆದ ಕವರು ಹಿಡಿದು ಭಾವನ ಹಟ್ಟಿಗೆ ಹೋದೆ. ಅವರು ಕುರಿಗಳ ನಡುವೆ ನಿಂತಿದ್ದರು, ನನ್ನ ಕಡೆ ತಿರುಗಲೂ ಇಲ್ಲ. “ಭಾವ, ತಪ್ಪು ಕಂಪ್ಯೂಟರಿನದ್ದಲ್ಲ. ಅದು ಬೇಡ ಅಂತು. ನಾನೇ ಅಳಿಸಿದ್ದು,” ಎಂದೆ. “ನೀವು ಬರದಿದ್ದರೆ ರೇಖಾ ಹಸೆಮಣೆ ಏರೋದಿಲ್ಲ ಅಂತಿದ್ದಾಳೆ.”

“ನೂರಿಪ್ಪತ್ತು ಕುರಿ ಅವೆ ಇಲ್ಲಿ. ಎಲ್ಲಾ ಕರೇವೇ. ಒಂದಿನಾನೂ ಒಂದ್ ಕುರಿನ ಇನ್ನೊಂದು ಅಂದ್ಕೊಂಡಿಲ್ಲ ನಾನು. ಎರಡು ಕುರಿ ಒಂದೇ ತರ ಕಂಡ್ರೆ ಒಂದನ್ನ ಹೊಡ್ದು ಓಡುಸ್ತಾರಾ ಮೇಷ್ಟ್ರೇ? ಹತ್ರ ಹೋಗಿ ಮುಖ ನೋಡ್ತಾರೆ.”

ನನ್ನ ಲೇಖನಮಾಲೆಯಲ್ಲಿ ಇಷ್ಟು ಸ್ಪಷ್ಟವಾದ ಒಂದು ವಾಕ್ಯವೂ ಇರಲಿಲ್ಲ.

“ಎಷ್ಟ್ ಜನುನ್ನ ಅಳ್ಸಿದಿಯಾ ಒಟ್ಟು?”

“ನಲವತ್ತೊಂದು.”

ಭಾವ ಈಗ ತಿರುಗಿದರು. “ನಾನೊಬ್ನೇ ಅಲ್ವಾ?”

“ಅಲ್ಲ ಭಾವ.”

“ಪಾವಗಡದ ರೇಡಿಯೋನೂ?”

“ಅವರೂ.”

ಅವರ ಮುಖ ಅರಳಿತು. ರೇಡಿಯೋ ಈರಣ್ಣ ಎಂದರೆ ಪ್ರತಿ ಮದುವೆಯಲ್ಲೂ ತಮ್ಮನ್ನೇ ಮೊದಲು ಕರೆದದ್ದು ಎಂದು ಮೂರು ಪಂಕ್ತಿಗೆ ಕೇಳುವ ಹಾಗೆ ಹೇಳಿಕೊಳ್ಳುವವರು. ಭಾವ ನಗಲು ಶುರುಮಾಡಿದವರು ಕಣ್ಣೀರು ಒರೆಸಿಕೊಳ್ಳುವವರೆಗೆ ನಕ್ಕರು. ಕವರು ಇಸಿದುಕೊಂಡು ರುಮಾಲಿನಲ್ಲಿ ಸಿಕ್ಕಿಸಿಕೊಂಡರು. “ನಡಿ, ಮಿಕ್ಕಿದ್ ಮನೇಗೆ ನಾನೂ ಬತ್ತೀನಿ. ಒಬ್ನೇ ಹೋದ್ರೆ ಇನ್ನೊಂದು ತೊಟ್ಲು ಹುಡುಕ್ತೀಯ.”

ಹೀಗೆ ಮದುಮಗಳ ಅಪ್ಪ ಮುಂದೆ, ಸೋದರಮಾವ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಿಂದೆ, ಒಂದೇ ಸ್ಕೂಟರಿನಲ್ಲಿ ಒಂಬತ್ತು ದಿನ ತಿರುಗಿದೆವು. ಕೊಳಾಲದ ಕ್ಯಾತಣ್ಣ ಛತ್ರಿ ಎತ್ತಿದ. ಹೊಡೆಯಲಿಕ್ಕೋ ನೆರಳಿಗೋ ತಿಳಿಯಲಿಲ್ಲ. ಪಾವಗಡದಲ್ಲಿ ರೇಡಿಯೋ ಈರಣ್ಣ ಬಾಗಿಲಲ್ಲೇ ಹಿಡಿದು ತೆಲುಗು ಬೆರೆಸಿ ಕೇಳಿದರು.

“ಏಮಪ್ಪಾ ಮೇಷ್ಟ್ರೇ, ನೇನು ಬತಿಕೇ ಉನ್ನಾನು ಕದಾ? ಬದ್ಕಿರೋ ನನ್ನ ಯಾಕ್ ಅಳ್ಸಿದ್ರಿ?”

ನಾನು ಬಾಯಿ ತೆರೆಯುವ ಮೊದಲೇ ಭಾವ ಎದೆಯುಬ್ಬಿಸಿ ಹೇಳಿದರು: “ಮೊದ್ಲು ಅಳ್ಸಿದ್ದು ನನ್ನ ಕಣ್ಲಾ ಈರ. ನೀನು ಆಮೇಲೆ.”

ಮದುವೆಯ ದಿನ ಭಾವ ರೇಖಾಳ ಕೈ ಹಿಡಿದು ಹಸೆಮಣೆಗೆ ಕರೆತಂದಾಗ ನನಗೆ ಅಳು ತಡೆಯಲಾಗಲಿಲ್ಲ. ಸಂತೋಷಕ್ಕೇ ಅತ್ತೆ. ನಲವತ್ತೊಂದು ಮಂದಿ ಹಿರಿಯರೂ ಮುಂದಿನ ಸಾಲಿನಲ್ಲಿ ಒಟ್ಟಾಗಿ ಕೂತಿದ್ದರು. ಪುಟ್ಟ ಜುಂಜಣ್ಣನೂ ಬಂದಿದ್ದ, ಹೆಸರಿನ ಕವರು ಬಾಯಲ್ಲಿ ಕಚ್ಚಿಕೊಂಡು. ಇನ್ನು ಎಲ್ಲ ಸುಖಾಂತ್ಯ ಎಂದುಕೊಂಡೆ.

ಆಗ ನಮ್ಮ ಮಾಸಪತ್ರಿಕೆಯ ಅಚ್ಚಿನ ತಪ್ಪು ತಿದ್ದುವವರು ಒಂದು ಕಟ್ಟು ಹಿಡಿದು ಒಳಗೆ ಬಂದರು. ಅಭಿಮಾನದಿಂದ, ನನಗೆ ಉಡುಗೊರೆಯಾಗಲೆಂದು, ಆಗಷ್ಟೇ ಅಚ್ಚಾಗಿ ಬಂದ ಸಂಚಿಕೆಯನ್ನು ಊಟಕ್ಕೆ ಕೂತವರಿಗೆಲ್ಲ ಹಂಚಿದರು. ನಾಲ್ಕನೆಯ ಕಂತು! ಮದುವೆಯ ಗದ್ದಲದಲ್ಲಿ ಅದನ್ನು ವಾಪಸು ಪಡೆಯುವುದು ನನಗೆ ಮರೆತೇಹೋಗಿತ್ತು.

ಭಾವ ಕನ್ನಡಕ ಹಾಕಿಕೊಂಡು ಪಂಕ್ತಿಗೆಲ್ಲ ಕೇಳುವಂತೆ ಓದಿದರು. “ಇಂಥ ನಿರುಪಯುಕ್ತ ನಕಲುಗಳನ್ನು ಕಿತ್ತೊಗೆದ ಮೇಲೆ ನಮ್ಮ ಪಟ್ಟಿ ಹಗುರವಾಗಿ, ಶುದ್ಧವಾಗಿ ಹೊಳೆಯತೊಡಗಿತು.”

“ನಿರುಪಯುಕ್ತ ಅಂದ್ರೆ ನಾವೇನಾ?” ಎಂದರು ರೇಡಿಯೋ ಈರಣ್ಣ.

ನಾನು ಪಾಯಸದ ಬಕೆಟ್ ಹಿಡಿದು ಆ ಸಾಲಿಗೆ ಮೂರು ಸಲ ಬಡಿಸಿದೆ. ಹೀಗೆ ನನ್ನ ಲೇಖನಕ್ಕೆ ಒಂದೇ ಮಧ್ಯಾಹ್ನ ನಾಲ್ಕು ತಾಲ್ಲೂಕಿನ ಓದುಗರು ಸಿಕ್ಕರು.

ಮೊನ್ನೆ ಐದನೆಯ ಕಂತಿಗಾಗಿ ಆನೆಯ ಮುಂದೆ ಮತ್ತೆ ಕೂತೆ. ಈ ಸಲ ನೋಟ್‌ಬುಕ್ ನೋಡಿ ‘ಕರೆಯುವ ಹೆಸರು’ ಎಂಬ ಅಂಕಣ ಸೇರಿಸಿ, ಅಲ್ಲಿ ಒಂದೇ ಹೆಸರು ಎರಡು ಸಲ ಬರಕೂಡದು ಎಂದು ನಿಯಮ ಹಾಕಿದೆ. ಆನೆ ಒಂದೂ ಮಾತಾಡದೆ ಒಪ್ಪಿತು. ಎಲ್ಲರನ್ನೂ ತುಂಬಿಸಿದ ಮೇಲೆ ನನ್ನ ಸಾಲು ಬಂತು.

“ನನಗೆ ಅಡ್ಡಹೆಸರಿಲ್ಲವಲ್ಲ, ಏನು ಬರೀಲಿ?” ಎಂದು ಈರಮ್ಮನನ್ನು ಕೇಳಿದೆ.

“ಇಲ್ದೆ ಏನು? ಮದುವೆ ದಿನದಿಂದ ಎಲ್ಲಾರೂ ಅದ್ರಲ್ಲೇ ಕರೀತಾ ಇದಾರಲ್ಲ,” ಎಂದು ಅವಳು ನೋಟ್‌ಬುಕ್ಕಿನ ಕೊನೆಯ ಪುಟ ತೋರಿಸಿದಳು. ಆಗಲೇ ಬರೆದಿಟ್ಟಿದ್ದಳು.

ಅದನ್ನೇ ಟೈಪ್ ಮಾಡಿದೆ: ತೊಟ್ಟಿಲು ಮೇಷ್ಟ್ರು.

ನಕಲು ಇದೆಯೇ ಎಂದು ಆನೆ ಪಟ್ಟಿಯನ್ನೆಲ್ಲ ಹುಡುಕಿತು. ಆ ಹೆಸರಿನವರು ಇನ್ನೊಬ್ಬರಿರಲಿಲ್ಲ.