ಮೂರು ಸಾವಿರ ವರ್ಷದ ಗಂಟಲು

ರಾಜ್ಯಗಳು ಏಳುತ್ತವೆ, ಬೀಳುತ್ತವೆ. ಅದನ್ನೆಲ್ಲ ಬರೆದಿಡಲು ಚರಿತ್ರೆಕಾರರಿದ್ದಾರೆ. ಆದರೆ ಒಂದು ಬುಧವಾರ ಬೆಳಿಗ್ಗೆ ಆರೂಕಾಲಿಗೆ ಒಬ್ಬ ಸಾಧಾರಣ ಮನುಷ್ಯನ ಗಂಟಲಿನಲ್ಲಿ ಕಾಣಿಸಿಕೊಂಡ ಸಣ್ಣ ಕೆರೆತದ ವಿಷಯವನ್ನು ಈವರೆಗೆ ಯಾರೂ ದಾಖಲಿಸಿಲ್ಲ. ಈಜಿಪ್ಟಿನ ಒಂದು ಸಿಂಹಾಸನದ ಹಣೆಬರಹವೇ ಆ ಕೆರೆತಕ್ಕೆ ಗಂಟುಬಿದ್ದಿದ್ದರಿಂದ, ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಗಂಟಲು ಒಂಟೆಯದು. ಹೆತ್ತವರು ಅವನಿಗೆ ಬೇರೆ ಹೆಸರಿಟ್ಟಿದ್ದರು; ಡಬ್ಬಿಂಗ್ ಸ್ಟುಡಿಯೋದಲ್ಲಿ ಅದನ್ನು ಬಲ್ಲವರಿರಲಿಲ್ಲ. ಪರದೇಶದ ಸಾಹಸ ಚಿತ್ರಗಳು ನಮ್ಮ ಮಾತು ಕಲಿಯಲು ಬರುತ್ತಿದ್ದುದು ಆ ಸ್ಟುಡಿಯೋಕ್ಕೆ. ಅವುಗಳಲ್ಲಿ ಪಿರಮಿಡ್ಡು ಇರುವ ಚಿತ್ರಗಳೇ ಹೆಚ್ಚು. ನಾಯಕ, ನಾಯಕಿ, ಕನ್ನಡಕದ ಪ್ರೊಫೆಸರು, ನರಿಯ ತಲೆಯ ದೇವರು, ಇವರ ಮಾತನ್ನೆಲ್ಲ ಬೇರೆಯವರು ಆಡುತ್ತಿದ್ದರು. ಸುರಂಗಕ್ಕೆ ಬಿದ್ದವನ 'ಆ', ಮೊಸಳೆ ಹಿಡಿದವನ 'ಅಯ್ಯೋ', ಮೈಗೆಲ್ಲ ಜೀರುಂಡೆ ಹತ್ತಿದ ಸಿಪಾಯಿಯ 'ಊ' ಮಾತ್ರ ನಮ್ಮವನ ಪಾಲು. ಹದಿನೆಂಟು ವರ್ಷದಲ್ಲಿ ಅವನು ಇನ್ನೂರ ಹನ್ನೊಂದು ಸಲ ಸತ್ತಿದ್ದ. ಇನ್ನು ಒಂಟೆ ಕೂಗುವ ದೃಶ್ಯ ಬಂತೆಂದರೆ ಅವನ ಸಮ ಯಾರೂ ಇಲ್ಲ. ಚಿತ್ರದಲ್ಲಿದ್ದ ನಿಜವಾದ ಒಂಟೆಯ ಕೂಗನ್ನು ತೆಗೆದು ಇವನದನ್ನು ಸೇರಿಸುತ್ತಿದ್ದರು. ಒಂಟೆಗಿಂತ ಇವನೇ ಸಹಜ ಎಂದು.

ಇಷ್ಟಾದರೂ ತೆರೆಯ ಮೇಲೆ ಅವನ ಹೆಸರು ಬಂದಿರಲಿಲ್ಲ. ಸ್ಟುಡಿಯೋದ ಕಾಯಿದೆ ಖಡಾಖಂಡಿತ. ಒಂದು ಪೂರ್ತಿ ವಾಕ್ಯ ಆಡಿದವರಿಗೆ ಹೆಸರು. ನರಳಿದವರಿಗೆ, ಅರಚಿದವರಿಗೆ, ಒಂಟೆಗಳಿಗೆ ಇಲ್ಲ. ಅವನ ಹೆಂಡತಿ ಪ್ರತಿ ಚಿತ್ರ ಮುಗಿದ ಮೇಲೂ ಎದ್ದೇಳದೆ, ಕಸ ಗುಡಿಸುವವರು ಬಂದು "ಕಾಲೆತ್ತಿ ಅಮ್ಮಾ" ಎನ್ನುವವರೆಗೆ ಕೂತು, ತೆರೆಯಲ್ಲಿ ಮೇಲೇರಿ ಹೋಗುವ ಹೆಸರುಗಳನ್ನೆಲ್ಲ ಓದಿಯೇ ಹೊರಗೆ ಬರುತ್ತಿದ್ದಳು.

"ಊಟ ತಂದುಕೊಟ್ಟವರ ಹೆಸರೂ ಇದೆ ಕಣ್ರೀ. ನಿಮ್ಮದಿಲ್ಲ," ಎನ್ನುತ್ತಿದ್ದಳು. ಜೋರು ಮಾಡಿ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಮೆಲ್ಲಗೆ ಹೇಳುತ್ತಿದ್ದಳು.

ಆ ಬುಧವಾರ ಈ ಬರ ತೀರುವುದಿತ್ತು. ಹೊಸ ಚಿತ್ರದಲ್ಲಿ ಮೂರು ಸಾವಿರ ವರ್ಷದ ಹಿಂದೆ ಸತ್ತ ರಾಜನೊಬ್ಬ, ತನ್ನ ಚಿನ್ನದ ಮುಖವಾಡ ಕದಿಯಲು ಬಂದವರ ಎದುರು, ಬಟ್ಟೆ ಸುತ್ತಿದ ಮೈಯಲ್ಲೇ ಪೆಟ್ಟಿಗೆಯಿಂದ ಎದ್ದು ಕೂರುತ್ತಾನೆ. ಕೂತು, 'ನನ್ನ ನಿದ್ದೆ ಕೆಡಿಸಿದವರು ಯಾರು? ಮರಳು ನಿಮ್ಮನ್ನು ನುಂಗಲಿ! ನೈಲ್ ನದಿ ನಿಮ್ಮ ಹೆಸರನ್ನು ಮರೆಯಲಿ!' ಎನ್ನುತ್ತಾನೆ. ಮೂರು ಪೂರ್ತಿ ವಾಕ್ಯ! ಹದಿನೈದು ದಿನದ ಹಿಂದೆ ನಡೆದ ಧ್ವನಿ ಪರೀಕ್ಷೆಯಲ್ಲಿ ಹನ್ನೊಂದು ಮಂದಿಯನ್ನು ಹಿಂದೆ ಹಾಕಿ ಒಂಟೆ ಆ ಪಾತ್ರ ಗೆದ್ದಿದ್ದ. ಅದೂ ಮೂಗು ಸೋರುವ ನೆಗಡಿಯಲ್ಲಿ. ನೆಗಡಿಯಲ್ಲೇ ಹೀಗಾದರೆ, ಗಂಟಲು ನೆಟ್ಟಗಿರುವ ದಿನ ಸ್ಟುಡಿಯೋದ ಗೋಡೆ ನಿಂತೀತೇ ಎಂಬುದು ಅವನ ಲೆಕ್ಕ.

ಇಂಥ ದಿನವೇ ಈ ಕೆರೆತ. ಹೆಂಡತಿಯನ್ನು ಕೂಗಲು ತೆರೆದ ಬಾಯನ್ನು ಹಾಗೇ ಮುಚ್ಚಿ, ಕಳೆದ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು, ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದ: 'ಸಂಜೆ ನಾಲ್ಕರವರೆಗೆ ಮಾತು ಬಂದ್. ಗಂಟಲು ಉಳಿಸಬೇಕು.'

ಹೆಂಡತಿ ಓದಿದಳು. "ಹದಿನೆಂಟು ವರ್ಷ ಕಳೆದಿದೀರಿ, ಇನ್ನು ಹತ್ತು ಗಂಟೆ ತಾನೆ," ಎಂದು ಉಪ್ಪುನೀರು ಕಾಯಿಸಲು ಹೋದಳು. ಕತೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಮನೆಯಲ್ಲಿ ಭಾವಮೈದ ಇದ್ದ.

ಅಕ್ಕನ ಮನೆಗೆ ಎರಡು ದಿನಕ್ಕೆಂದು ಬಂದವನು ಈಗ ಏಳನೇ ತಿಂಗಳಿನಲ್ಲಿದ್ದ. ಅವನು ಕೆಲಸ ಹುಡುಕುತ್ತಿದ್ದ. ಕೆಲಸ ಅವನ ಕೈಗೆ ಸಿಗದಂತೆ ಓಡಾಡುತ್ತಿತ್ತು. ಮುಂದಿನ ಸೋಮವಾರ ಊರಿಗೆ ಹೊರಡುವುದೆಂದು ಕೊನೆಗೂ ತೀರ್ಮಾನವಾಗಿ, ಚೀಲ ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದ. ಹೋಗುವ ಮುಂಚೆ ಉಂಡ ಮನೆಗೆ ಏನಾದರೂ ಉಪಕಾರ ಮಾಡಬೇಕೆಂಬ ಹುಮ್ಮಸ್ಸು ಬೇರೆ. ಹಾಳೆ ಓದಿ ಎದೆ ತಟ್ಟಿಕೊಂಡ.

"ಭಾವ, ನೀವು ಚಿಂತೆ ಬಿಡಿ. ಇವತ್ತು ನಿಮ್ಮ ಬಾಯಿ ನಾನೇ!"

ಒಂಟೆ ಗಾಬರಿಯಿಂದ ಎರಡೂ ಕೈ ಆಡಿಸಿದ. ಬೇಡ ಎನ್ನಬೇಕಿತ್ತು; ಎನ್ನುವ ಹಾಗಿರಲಿಲ್ಲ.

ಒಂಬತ್ತು ಗಂಟೆಗೆ ಮಹಡಿ ಮನೆಯ ಅಜ್ಜಿ ಮೆಟ್ಟಿಲಿಳಿದು ಬಂದರು. ನಲವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಕಿವಿ ಮುಕ್ಕಾಲು ಪಾಲು ಹೋಗಿತ್ತು. ಮಗಳು ತಂದುಕೊಟ್ಟ ಕಿವಿಯ ಮಿಷನ್ನು ಸವೆದೀತೆಂದು ಡಬ್ಬಿಯಲ್ಲಿಟ್ಟಿದ್ದರು. ಆ ಕಟ್ಟಡದಲ್ಲಿ ಅವರಿಗೆ ಕೇಳಿಸುತ್ತಿದ್ದುದು ಒಂಟೆಯ ಧ್ವನಿಯೊಂದೇ. ಆದ್ದರಿಂದ ದಿನಾ ಬೆಳಿಗ್ಗೆ ಲೋಕದ ಸುದ್ದಿ ಕೇಳಲು ಅವನ ಬಳಿಗೇ ಬರುತ್ತಿದ್ದರು.

"ಏನಪ್ಪಾ ಸಮಾಚಾರ?"

ಒಂಟೆ ನಕ್ಕು, ಗಂಟಲು ಮುಟ್ಟಿ ತೋರಿಸಿ, ಕೈಯಾಡಿಸಿದ.

"ಅಜ್ಜೀ! ಭಾವನಿಗೆ ಗಂಟಲು! ಸಂಜೆ ರೆಕಾರ್ಡಿಂಗು!" ಎಂದು ಭಾವಮೈದ ಕೂಗಿದ.

"ತುಟಿ ಆಡ್ತಿದೆ, ಏನೂ ಕೇಳಿಸ್ತಿಲ್ಲ. ಗಟ್ಟಿಯಾಗಿ ಹೇಳು, ಉಂಡಿಲ್ವಾ?"

ಭಾವಮೈದ ಇನ್ನೂ ಗಟ್ಟಿಯಾಗಿ ಕೂಗಿದ. ಪಕ್ಕದ ಮನೆಯ ದರ್ಜಿಗೆ ಕೇಳಿಸಿತು, ದರ್ಜಿಯ ಹೆಂಡತಿಗೆ ಕೇಳಿಸಿತು, ಅಜ್ಜಿಗೆ ಕೇಳಿಸಲಿಲ್ಲ. ಕಿವಿ ಕೈಕೊಟ್ಟಲ್ಲಿ ಅವರು ಕಣ್ಣನ್ನು ನಂಬುತ್ತಿದ್ದರು. ಒಂಟೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಬಾಯಿ ಸ್ವಲ್ಪ ವಾರೆಯಾಗಿದೆ. ಮಾತು ನಿಂತಿದೆ. ಇಂಥ ಲಕ್ವ ಎಷ್ಟು ನೋಡಿಲ್ಲ ನಾನು! ಎಡಗೈ ಎತ್ತು."

ಒಂಟೆ ಎತ್ತಿದ.

"ಬಲಗೈ. ಹಾಂ. ಈಗ ಒಂಟಿಕಾಲಲ್ಲಿ ನಿಲ್ಲು."

ಈಜಿಪ್ಟಿನ ದೊರೆ ಎರಡೂ ಕೈ ಮೇಲೆತ್ತಿ, ಮೆಟ್ಟಿಲ ಬುಡದಲ್ಲಿ ಕೊಕ್ಕರೆಯಂತೆ ನಿಂತ. ದರ್ಜಿ ಬಂದು ಎರಡು ಸುತ್ತು ಹಾಕಿ, ಅಳತೆ ತೆಗೆಯುವವನಂತೆ ಮೇಲಿಂದ ಕೆಳಗೆ ನೋಡಿದ.

"ಇದು ಕಾಯಿಲೆ ಅಲ್ಲ ಬಿಡಿ. ಗಂಡ ಹೆಂಡತಿ ಜಗಳ. ನಾನೂ ಹೀಗೇ ಒಂದು ಸಲ ಮೂರು ದಿನ ಮಾತು ಬಿಟ್ಟಿದ್ದೆ."

"ಆ ಮೂರು ದಿನ ಮನೆ ಎಷ್ಟು ತಣ್ಣಗಿತ್ತು ಅಂತೀರಿ," ಎಂದಳು ಅವನ ಹೆಂಡತಿ.

ಅಜ್ಜಿ ಚಮಚ ತರಿಸಿದರು. "ಬಾಯಿ ತೆಗಿ. ಆ ಅನ್ನು."

ಒಂಟೆ ಬಾಯಿ ತೆರೆದ. ಆ ಅನ್ನಲಿಲ್ಲ. ಚಮಚ ಕಿರುನಾಲಿಗೆಯ ತನಕ ಹೋಗಿ ವಿಚಾರಿಸಿಕೊಂಡು ಬಂತು, ಆಗಲೂ ಅನ್ನಲಿಲ್ಲ.

"ಆ ಅನ್ನೋಕೂ ಆಗ್ತಿಲ್ಲ! ಆಂಬುಲೆನ್ಸ್ ಕರೀರಪ್ಪಾ!"

ಹದಿನೆಂಟು ವರ್ಷ 'ಆ' ಎಂದೇ ಅನ್ನ ತಿಂದವನಿಗೆ ಈ ಮಾತು ಶೂಲದ ಹಾಗೆ ಚುಚ್ಚಿತು. ಭಾವಮೈದ ಅಜ್ಜಿಯ ಎಡಕಿವಿಯಲ್ಲಿ ಕೂಗಿದ, ಬಲಕಿವಿಯಲ್ಲಿ ಕೂಗಿದ, ಎರಡು ಮೆಟ್ಟಿಲು ಹತ್ತಿ ಮೇಲಿಂದ ಕೂಗಿದ. ಒಂಟೆ ಅಷ್ಟು ಹೊತ್ತೂ ಕ್ಯಾಲೆಂಡರ್ ಹಾಳೆಯನ್ನು ಅಜ್ಜಿಯ ಮೂಗಿನ ಮುಂದೆ ಹಿಡಿದೇ ಇದ್ದ; ಅವರ ಕನ್ನಡಕ ಮಹಡಿಯಲ್ಲಿತ್ತು. ಹನ್ನೊಂದೂವರೆಗೆ, ಭಾವಮೈದನ ಕತ್ತಿನ ನರ ಹಗ್ಗದಷ್ಟು ಉಬ್ಬಿದಾಗ, ಅಜ್ಜಿಗೆ ವಿಷಯ ತಲುಪಿತು.

"ಇಷ್ಟೇನಾ? ಇದನ್ನ ಒಂದು ಕಾಗದದಲ್ಲಿ ಬರೆದು ತೋರಿಸೋಕೆ ಏನಾಗಿತ್ತು ನಿಮಗೆ?" ಎಂದು ಬೈದು ಮೇಲೆ ಹೋದರು.

ಎರಡು ಗಂಟೆಗೆ ಒಂಟೆ ಹೊರಟ. "ಬಾಯಿ ಬಿಡದ ಮನುಷ್ಯನ್ನ ಒಬ್ಬರನ್ನೇ ಹೇಗೆ ಕಳಿಸೋದು? ನೀನೂ ಹೋಗೋ," ಎಂದು ಹೆಂಡತಿ ತಮ್ಮನನ್ನು ಜೊತೆ ಮಾಡಿದಳು.

ಬಸ್ಸಿನಲ್ಲಿ ಉಸಿರಾಡಲೂ ಸರದಿ ಕಾಯಬೇಕಿತ್ತು. ಮೂರನೇ ನಿಲ್ದಾಣದಲ್ಲಿ ಹತ್ತಿದ ಒಬ್ಬ ದಢೂತಿ ಮನುಷ್ಯ, ಜಾಗ ಹುಡುಕಿ ಹುಡುಕಿ, ಒಂಟೆಯ ಎಡಗಾಲಿನ ಮೇಲೆ ನೆಲೆಯೂರಿದ. ಒಂಟೆಯ ಕಣ್ಣಲ್ಲಿ ನೀರು ಬಂತು. ಇನ್ನೂರ ಹನ್ನೊಂದು ಸಲ ನೋವಿಲ್ಲದೆ ಕೂಗಿದ್ದವನು ಈಗ ನೋವಿದ್ದೂ ತುಟಿ ಕಚ್ಚಿಕೊಂಡ.

"ರೀ ಸ್ವಾಮಿ, ಕಾಲು ತೆಗೀರಿ! ಅದು ನಮ್ಮ ಭಾವನ ಕಾಲು!" ಭಾವಮೈದ ಗುಡುಗಿದ.

"ಮೆಟ್ಟಿಸಿಕೊಂಡವರೇ ಸುಮ್ನಿದಾರೆ, ಮಧ್ಯೆ ನಿಮ್ಮದೇನ್ರೀ?"

"ಅವರು ಸುಮ್ನಿರೋದಕ್ಕೇ ನಾನು ಬಂದಿರೋದು!"

ಅರ್ಧ ಬಸ್ಸು ದಢೂತಿಯ ಕಡೆ, ಅರ್ಧ ಬಸ್ಸು ಕಾಲಿನ ಕಡೆ. ಇಳಿಯುವ ನಿಲ್ದಾಣ ಬರುವವರೆಗೆ ಭಾವಮೈದ ಒಬ್ಬನೇ ಇಪ್ಪತ್ತು ಜನಕ್ಕೆ ಉತ್ತರ ಕೊಟ್ಟ. ಇಳಿಯುವಾಗ ಅವನ ಧ್ವನಿಗೆ ತುಕ್ಕು ಹಿಡಿಯತೊಡಗಿತ್ತು.

ಸ್ಟುಡಿಯೋ ಆರನೇ ಮಹಡಿಯಲ್ಲಿ. ಮೂರು ಗಂಟೆಗೆ ಇಬ್ಬರೂ ಲಿಫ್ಟ್ ಹತ್ತಿದರು. ನಾಲ್ಕನೇ ಮಹಡಿ ದಾಟಿದ ಲಿಫ್ಟು, ಐದರ ಬಗ್ಗೆ ಮನಸ್ಸು ಬದಲಿಸಿ ನಡುವೆ ನಿಂತುಬಿಟ್ಟಿತು. ದೀಪ ಹೋಯಿತು. ಗಂಟೆ ಒತ್ತಿದರೆ ಅದು ಒಳಗೇ ಹೋಗಿ ಕೂತಿತು. ಕತ್ತಲು, ಧೂಳು, ನಾಲ್ಕು ಕಡೆ ಗೋಡೆ. ಪಿರಮಿಡ್ಡಿಗೂ ಅದಕ್ಕೂ ಇದ್ದ ವ್ಯತ್ಯಾಸವೆಂದರೆ ಪಿರಮಿಡ್ಡಿನಲ್ಲಿ ಮಲಗಲು ಜಾಗವಿರುತ್ತದೆ.

"ಯಾರಾದ್ರೂ ಇದೀರಾ!" ಭಾವಮೈದ ಬಾಗಿಲು ಬಡಿದ.

ಎಷ್ಟೋ ಹೊತ್ತಿಗೆ ಕೆಳಗಿನಿಂದ ಕಾವಲುಗಾರನ ಧ್ವನಿ ಬಂತು. "ಯಾರದು?"

"ನಾವು! ಲಿಫ್ಟ್ ಒಳಗೆ!"

"ಲಿಫ್ಟ್ ಕೆಟ್ಟಿದೆ! ಮೆಟ್ಟಿಲು ಹತ್ತಿ ಬನ್ನಿ!"

ಇಷ್ಟು ಹೇಳಿ ಅವನು ತನ್ನ ಕುರ್ಚಿಗೆ ಮರಳಿದ. ಆರನೇ ಮಹಡಿಯವರಿಗೆ ಕೇಳಿಸುವ ಮಾತೇ ಇಲ್ಲ. ಹೊರಗಿನ ಸದ್ದು ಒಳಗೆ ನುಸುಳದ ಹಾಗೆ ಗೋಡೆಗೆಲ್ಲ ಮೆತ್ತೆ ಹೊಡೆದಿದ್ದರು. ಭಾವಮೈದ ಕಾಲು ಗಂಟೆ ಕೂಗಿದ, ಅರ್ಧ ಗಂಟೆ ಕೂಗಿದ. ಆಮೇಲೆ ಕತ್ತಲಲ್ಲಿ ಒಂಟೆಯ ಕೈ ಹುಡುಕಿ ಹಿಡಿದುಕೊಂಡ.

"ಭಾವ, ನಿಮ್ಮ ಕಾಲಿಗೆ ಬೀಳ್ತೀನಿ. ಮೊಸಳೆ ಹಿಡಿದವನ ಕೂಗು ಒಂದೇ ಒಂದು ಸಲ ಹಾಕಿ. ಪಕ್ಕದ ಬೀದಿಯವರೂ ಓಡಿ ಬರ್ತಾರೆ."

ಒಂಟೆಗೆ ಗೊತ್ತಿತ್ತು, ಬರುತ್ತಾರೆ. ಆ ಕೂಗು ಹೊಟ್ಟೆಯಿಂದ ಎದ್ದು ಎದೆಯ ತನಕ ಬಂದಿತ್ತು ಕೂಡ. ಅಷ್ಟರಲ್ಲಿ ಕಾಲೆತ್ತಿ ಕೂತು ಹೆಸರು ಓದುವ ಹೆಂಡತಿ ಕಣ್ಣ ಮುಂದೆ ಬಂದಳು. ಕೂಗನ್ನು ನುಂಗಿಕೊಂಡ. ಭಾವಮೈದನ ಹೆಗಲು ತಟ್ಟಿ, ಮುಂದುವರಿಸು ಎಂಬಂತೆ ಬಾಗಿಲ ಕಡೆ ತಿರುಗಿಸಿದ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ, ಕೆಟ್ಟ ಲಿಫ್ಟ್ ರಿಪೇರಿಗೆಂದು ಮೆಕ್ಯಾನಿಕ್ ಬಂದು ಇಬ್ಬರನ್ನೂ ಬಗಲಿಗೆ ಕೈಹಾಕಿ ಮೇಲಕ್ಕೆಳೆದ. ಗ್ರೀಸು ಮೆತ್ತಿದ ಬಟ್ಟೆ, ತಲೆತುಂಬ ಜೇಡರ ಬಲೆ. ಆದರೆ ಗಂಟಲಲ್ಲಿ ಕೆರೆತದ ಸುಳಿವಿಲ್ಲ. ಒಂಟೆ ಗೆದ್ದಿದ್ದ. ಭಾವಮೈದನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಮೈಕಿನ ಮುಂದೆ ಹೋಗಿ ನಿಂತ.

ಗಾಜಿನ ಆಚೆ ಡಬ್ಬಿಂಗ್ ನಿರ್ದೇಶಕಿ, ಪಕ್ಕದಲ್ಲಿ ಧ್ವನಿ ಎಂಜಿನಿಯರು. ಪರದೆಯ ಮೇಲೆ ಕಲ್ಲಿನ ಮುಚ್ಚಳ ಸರಿಯಿತು, ರಾಜ ಎದ್ದು ಕೂತ. ಹತ್ತು ಗಂಟೆ ಕಾಲ ಕೂಡಿಟ್ಟ ಧ್ವನಿಯನ್ನು ಒಂಟೆ ಹೊರಗೆ ಬಿಟ್ಟ.

"ನನ್ನ ನಿದ್ದೆ ಕೆಡಿಸಿದವರು ಯಾರು?"

ಆಗತಾನೆ ಉಜ್ಜಿಟ್ಟ ಕಂಚಿನ ಗಂಟೆಯಂಥ ಧ್ವನಿ. ತನ್ನ ಒಳಗೆ ಇಷ್ಟು ಚೆಲುವಾದ ಧ್ವನಿ ಇತ್ತೆಂದು ಅವನಿಗೇ ಗೊತ್ತಿರಲಿಲ್ಲ.

ನಿರ್ದೇಶಕಿ ಕಿವಿಯ ಹೆಡ್‌ಫೋನ್ ಕೆಳಗಿಳಿಸಿದಳು. "ಒಂಟೆಯವರೇ, ಏನಾಗಿದೆ ನಿಮ್ಮ ಗಂಟಲಿಗೆ?"

"ಏನೂ ಆಗಿಲ್ಲ ಮೇಡಂ! ಬೆಳಿಗ್ಗೆಯಿಂದ ಒಂದು ಮಾತಾಡಿಲ್ಲ!"

"ಅದೇ ನೋಡಿ. ಮೂರು ಸಾವಿರ ವರ್ಷ ಧೂಳು ಕುಡಿದ ಹೆಣ ರೀ ಅದು. ನೀವು ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಓದ್ತಿದೀರಿ. ಟೆಸ್ಟ್ ದಿನ ಎಷ್ಟು ಚೆನ್ನಾಗಿ ಒಡೆದಿತ್ತು ಧ್ವನಿ!"

"ಅವತ್ತು... ನೆಗಡಿಯಾಗಿತ್ತು ಮೇಡಂ."

"ಅಯ್ಯೋ, ಆ ನೆಗಡಿ ಕೇಳಿಯೇ ತಾನೆ ನಿಮ್ಮನ್ನ ತಗೊಂಡಿದ್ದು!"

ಒಂಟೆ ಕೆಮ್ಮಿದ, ಕ್ಯಾಕರಿಸಿದ, ಗಂಟಲನ್ನು ಹಿಂಡಿ ನೋಡಿದ. ಕೆರೆದಷ್ಟೂ ಹೊಳಪು ಹೆಚ್ಚಿತು. ಏಳನೇ ಸಲ ನಿರ್ದೇಶಕಿ ಗಡಿಯಾರ ನೋಡುತ್ತಿದ್ದಾಗ ಬಾಗಿಲು ಒಂದು ಗೇಣು ತೆರೆಯಿತು.

"ನೀರು... ಯಾರಾದ್ರೂ... ಒಂದು ಲೋಟ ನೀರು ಕೊಡ್ರಪ್ಪಾ..."

ಕಲ್ಲಿನ ಮೇಲೆ ಕಲ್ಲು ಎಳೆದಂಥ ಧ್ವನಿ. ಅದರಲ್ಲಿ ಮರಳಿತ್ತು, ಗೆದ್ದಲಿತ್ತು, ಮುಚ್ಚಿದ ಸಮಾಧಿಯ ಗಾಳಿಯಿತ್ತು. ಎಂಜಿನಿಯರನ ಮುಂಗೈ ಕೂದಲು ನೆಟ್ಟಗಾಯಿತು.

"ಯಾರದು?" ನಿರ್ದೇಶಕಿ ಪಿಸುಗುಟ್ಟಿದಳು.

"ನನ್ನ ಹೆಂಡತಿ ತಮ್ಮ," ಎಂದ ಒಂಟೆ, ಕಂಚಿನ ಗಂಟೆಯ ಧ್ವನಿಯಲ್ಲಿ.

"ನೀರು ಆಮೇಲೆ! ಮೊದಲು ಇವರನ್ನ ಮೈಕ್ ಮುಂದೆ ನಿಲ್ಲಿಸಿ!"

ಮೂರು ವಾಕ್ಯವೂ ಒಂದೇ ಸಲಕ್ಕೆ ಮುಗಿದವು. ಹೊಸ ಜಾಗದಲ್ಲಿ ಎಲ್ಲಿ ನೋಡಬೇಕೆಂದು ತಿಳಿಯದೆ, 'ನೈಲ್ ನದಿ ನಿಮ್ಮ ಹೆಸರನ್ನು ಮರೆಯಲಿ' ಎನ್ನುವಾಗ ಭಾವಮೈದ ಅಲ್ಲಿದ್ದ ಒಂದೇ ಪರಿಚಯದ ಮುಖವನ್ನು ನೋಡಿಕೊಂಡು ಹೇಳಿದ.

ಬಂದದ್ದು ಬಂದಾಯಿತೆಂದು ಒಂಟೆಯನ್ನೂ ಸುಮ್ಮನೆ ಕಳಿಸಲಿಲ್ಲ. ಸಮಾಧಿಯ ಹೊರಗೆ ಕಟ್ಟಿದ ಒಂಟೆ ಶಾಪ ಕೇಳಿ ಹೆದರಿ ಕೂಗುವ ಜಾಗ ಖಾಲಿಯಿತ್ತು.

ಮನೆಯ ಬಾಗಿಲಲ್ಲೇ ಹೆಂಡತಿ ಕಾಯುತ್ತಿದ್ದಳು. "ಹೆಸರು ಬರುತ್ತಾ?"

"ಬರುತ್ತೆ," ಎಂದ ಒಂಟೆ. "ನಿಮ್ಮ ತವರು ಮನೆಯವರದ್ದು."

ನಡೆದದ್ದನ್ನೆಲ್ಲ ಕೇಳಿ ಅವಳು ಒಂದು ಗಳಿಗೆ ಗಂಡನ ಮುಖ, ಒಂದು ಗಳಿಗೆ ತಮ್ಮನ ಮುಖ ನೋಡಿದಳು. "ಹೋಗಲಿ ಬಿಡಿ. ಕೊನೇತನಕ ಕೂತಿದ್ದಕ್ಕೆ ಓದೋಕೆ ಒಂದು ಹೆಸರಾದ್ರೂ ಸಿಗುತ್ತಲ್ಲ," ಎಂದು ಮೆಲ್ಲಗೆ ಹೇಳಿ, ಕಾಯಿಸಿಟ್ಟ ಉಪ್ಪುನೀರನ್ನು ತಮ್ಮನಿಗೆ ಕೊಡಹೋದಳು.

ಭಾವಮೈದ ಎರಡೂ ಕೈಯಿಂದ ಲೋಟ ತಡೆದ. ಎರಡು ತಿಂಗಳಿಗೆ ಚಿತ್ರದ ಮುಂದಿನ ಭಾಗ ಬರುವುದಿತ್ತು. ಅದರಲ್ಲಿ ರಾಜನಿಗೆ ಹನ್ನೊಂದು ಪುಟ ಮಾತು. ಅಲ್ಲಿಯವರೆಗೆ ಗಂಟಲು ಒಂದು ಚೂರೂ ಸುಧಾರಿಸಕೂಡದು, ಇವತ್ತು ಏನು ಮಾಡಿದಿರೋ ಅದನ್ನೇ ದಿನಾ ಮಾಡಿ ಎಂದು ನಿರ್ದೇಶಕಿ ಕಟ್ಟಪ್ಪಣೆ ಮಾಡಿದ್ದಳು.

ಸೋಮವಾರಕ್ಕೆಂದು ಕಟ್ಟಿದ್ದ ಚೀಲವನ್ನು ಆ ಸಂಜೆಯೇ ಬಿಚ್ಚಿದ. ಮರುದಿನದಿಂದ ಬೆಳಿಗ್ಗೆ ಆರೂಕಾಲಿಗೆ ಸರಿಯಾಗಿ ಮಹಡಿ ಅಜ್ಜಿಗೆ ಲೋಕದ ಸುದ್ದಿಯನ್ನೆಲ್ಲ ಕೂಗಿ ಹೇಳುವ ಕೆಲಸ ಅವನದಾಯಿತು.

ಒಂಟೆಯ ಗಂಟಲು ಆಮೇಲೆ ಯಾವತ್ತೂ ಕೆರೆಯಲಿಲ್ಲ.