ತಲೆಯೊಳಗಿನ ಟಗರು

"ಬ್ಯಾಡ ಅಂದ್ರೆ ಬ್ಯಾಡ! ನಾಡಿ ನೋಡ್ರಿ, ನಾಲಿಗೆ ನೋಡ್ರಿ. ಕಣ್ಣಾಗಿಂದ ತಲೆಗೆ ಮಾತ್ರ ಇಣುಕಂಗಿಲ್ಲ!"

ಚಳ್ಳಕೆರೆಯ ನರ್ಸಿಂಗ್ ಹೋಮೊಂದರ ಸ್ಕ್ಯಾನಿಂಗ್ ಕೋಣೆಯಲ್ಲಿ ಕೊಂಡ್ಲಹಳ್ಳಿಯ ಚಿಕ್ಕೀರಪ್ಪ ಮಂಚದ ಮೇಲೆ ಎದ್ದು ಕೂತಿದ್ದ. ಬೆಳಿಗ್ಗೆ ಮೇಕೆಗೆ ಸೊಪ್ಪು ಕಡಿಯಲು ಬೇವಿನ ಮರ ಹತ್ತಿ, ತಲೆಕೆಳಗಾಗಿ ಬಿದ್ದು, ವಾಂತಿ ಮಾಡಿಕೊಂಡು ಬಂದಿದ್ದ ಆಸಾಮಿ. ಆದರೆ ಅವನ ಚಿಂತೆ ಬುರುಡೆಯದಲ್ಲ. ದೇವರಿಗೆ ಬಿಟ್ಟಿದ್ದ ಕರಿ ಟಗರನ್ನು ಸಂತೆಯಲ್ಲಿ ಮಾರಿ, ತೋಳ ಹೊತ್ತೊಯ್ತು ಎಂದು ಹೆಂಡತಿ ಮೂಗಮ್ಮನಿಗೆ ಹೇಳಿದ್ದ. ಆ ಗುಟ್ಟು ತಲೆಯಲ್ಲೇ ಇತ್ತಲ್ಲ, ಪಾಪ!

ಡಾಕ್ಟರ್: ತಲೆ ಒಳಗೆ ಒತ್ತಡ ಏರಿದ್ರೆ ಕಣ್ಣಿನ ಹಿಂದಿನ ನರ ಊದ್ಕೊಳ್ಳುತ್ತೆ. ಅದನ್ನ ನೋಡ್ಬೇಕು. ಕಣ್ಣು ಮುಚ್ಚಿ.

ಚಿಕ್ಕೀರಪ್ಪ: ಮುಚ್ಚಿದ್ರೂ ಕಾಣ್ತೈತಾ?

ಡಾಕ್ಟರ್: ಮುಚ್ಚಿದ್ರೇನೇ ನೋಡೋದು.

ಚಿಕ್ಕೀರಪ್ಪ: ಅಯ್ಯಯ್ಯೋ! ಹಂಗಾದ್ರೆ ಇವಳ್ನ ಆಚೆ ಕಳಿಸ್ರಿ!

ಮೂಗಮ್ಮ: ಯಾಕೆ ಹೋಗ್ಲಿ? ಲಗ್ನ ಆದಾಗ್ನಿಂದ ನಿನ್ನ ತಲೇಲಿ ಏನೈತೆ ಅಂತ ತಿಳೀವಲ್ದು. ಇವತ್ತಾದ್ರೂ ನೋಡ್ತೀನಿ. ಸುಮ್ನೆ ಮಲಗಯ್ಯ!

ಅವನನ್ನು ಒತ್ತಿ ಮಲಗಿಸಿ, ತಾನು ಮಿಷನ್ನಿನ ಪರದೆಯ ಮುಂದೆ ಠಿಕಾಣಿ ಹೂಡಿದಳು. ಡಾಕ್ಟರು ಮುಚ್ಚಿದ ರೆಪ್ಪೆಗೆ ತಣ್ಣನೆಯ ಜೆಲ್ಲು ಹಚ್ಚಿ, ಮಿಷನ್ನಿನ ಹಿಡಿಯನ್ನು ಮೆಲ್ಲಗೆ ಇಟ್ಟರು.

ಮೂಗಮ್ಮ: ಕಾಣ್ತೈತೆ, ಕಾಣ್ತೈತೆ! ಕರ್ರಗೈತೆ!

ಚಿಕ್ಕೀರಪ್ಪ: ಕರ್ರಗಾ?

ಮೂಗಮ್ಮ: ಮೇದು ಕೊಬ್ಬಿದಂಗೆ ಗುಂಡಗೈತೆ. ಹಿಂದೆ ಬಾಲನೂ ಐತಲ್ಲ!

ಡಾಕ್ಟರ್: ನಮಗೆ ಬೇಕಾಗಿರೋದು ಅದೇ. ಅದರ ದಪ್ಪ ಅಳೀತೀನಿ.

ಚಿಕ್ಕೀರಪ್ಪ: ಅಳೀಬ್ಯಾಡ್ರಿ ಸಾ! ಅದು ದೇವ್ರ ಟಗರು! ತೋಳ ಒಯ್ಲಿಲ್ಲ ಕಣೇ, ನಾನೇ ಸಂತೇಲಿ ಮಾರ್ದೆ!

ಮೂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಮೂಗಮ್ಮ: ಎಲಾ ಇವ್ನ! ಆ ತೋಳನ್ನ ಬೈದು ಬೈದು ನನ್ನ ಗಂಟ್ಲು ಬಿದ್ದೋತಲ್ಲೋ! ಡಾಕ್ಟ್ರೇ, ಆ ಕಡೆ ಕಣ್ಣಾಗೂ ನೋಡ್ರಿ, ಇನ್ನೂ ಏನೇನು ಮಾರವ್ನೋ!

ಡಾಕ್ಟರ್: ಅಮ್ಮಾ, ಅದು ಕಣ್ಣುಗುಡ್ಡೆ. ಬಾಲ ಅಂದ್ರಲ್ಲ, ಅದೇ ನರ. ಊದಿಲ್ಲ, ಹೆದರಬೇಡಿ.

ಮೂಗಮ್ಮ: ನರ ಅಂತೆ ನರ! ಟಗರನ್ನ ಕಣ್ಣಾರೆ ಕಂಡೀನಿ. ಈ ಮಿಷನ್ನು ಸುಳ್ಳು ಹೇಳಂಗಿಲ್ಲ!

ಚಿಕ್ಕೀರಪ್ಪನಿಗೆ ಎಲ್ಲಿಲ್ಲದ ಹುರುಪು ಬಂತು.

ಚಿಕ್ಕೀರಪ್ಪ: ಹೇಳಂಗಿಲ್ವಾ? ಹಂಗಾದ್ರೆ ಇವಳ್ದೂ ನೋಡ್ರಿ ಸಾ! ನನ್ನ ಹುಂಜನ್ನ ಬೆಕ್ಕು ಒಯ್ತು ಅಂದ್ಳು. ಅವತ್ತೇ ಇವಳ ತಮ್ಮ ಊಟಕ್ಕೆ ಬಂದಿದ್ದ!

ಮೂಗಮ್ಮ ಸೆರಗಿನಿಂದ ಎರಡೂ ಕಣ್ಣು ಒತ್ತಿ ಹಿಡಿದು, ತಡವರಿಸುತ್ತಾ ಬಾಗಿಲ ಕಡೆ ಓಡಿದಳು.

ಮೂಗಮ್ಮ: ನನ್ನ ತಲೆ ನೆಟ್ಟಗೈತೆ! ಬಸ್ಸಿಗೆ ಹೊತ್ತಾತು!

ಚಿಕ್ಕೀರಪ್ಪ: ಕಣ್ಣು ಬಿಟ್ಕಂಡು ಹೋಗೇ! ಬಾಗ್ಲಿಗೆ ತಲೆ ಗುದ್ಕಂಡ್ರೆ, ಹುಂಜ ಕಾಣೋವರ್ಗೂ ಬಿಡಲ್ಲ ಇವ್ರು!